ಬೀಗರೂಟದಲ್ಲಿ ಜಾರಿ ಬಿದ್ದ ಅಮ್ಮ, ಮೂರು ವಾರದ ಮೇಲೆ ತಲೆಯಲ್ಲಿ ರಕ್ತ: ಛತ್ರದವರಿಂದ ಪರಿಹಾರ ಕೇಳಬಹುದೇ?

ಪ್ರಶ್ನೆ: ನಾನು ಮಂಡ್ಯದವನು. ಎಂಟು ತಿಂಗಳ ಹಿಂದೆ ನಮ್ಮ ದೊಡ್ಡಪ್ಪನ ಮಗಳ ಬೀಗರೂಟ ಇಲ್ಲೇ ಒಂದು ಛತ್ರದಲ್ಲಿ ನಡೆಯಿತು. ಊಟ ಮುಗಿಸಿ ಕೈ ತೊಳೆಯಲು ಹೋದ ನನ್ನ ತಾಯಿ (61 ವರ್ಷ) ಗ್ರಾನೈಟ್ ನೆಲದ ಮೇಲೆ ಜಾರಿ ಹಿಂದಕ್ಕೆ ಬಿದ್ದರು. ತಲೆಯ ಹಿಂಭಾಗ ಊದಿಕೊಂಡಿತು. ಜ್ಞಾನ ತಪ್ಪಲಿಲ್ಲ. ರಾತ್ರಿ ಒಂದು ಸಲ ವಾಂತಿಯಾಯಿತು. ಮಾರನೇ ದಿನ ಕ್ಲಿನಿಕ್‌ನಲ್ಲಿ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಮೂರು ವಾರದ ಮೇಲೆ ಬಲಗಾಲು ಎಳೆಯತೊಡಗಿದರು, ಯಾವಾಗಲೂ ಮಂಪರು. ಮೈಸೂರಿನಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಎಡಭಾಗದ ಮೇಲೆ ರಕ್ತ ತುಂಬಿಕೊಂಡಿತ್ತು. ಆಪರೇಷನ್ ಆಯಿತು, 2.80 ಲಕ್ಷ ಖರ್ಚಾಯಿತು. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿದು ತಿಂಗಳಿಗೆ ಸುಮಾರು 9,000 ರೂಪಾಯಿ ದುಡಿಯುತ್ತಿದ್ದರು. ಈಗ ಅಳತೆ ನೆನಪಿರಲ್ಲ, ಸಣ್ಣದಕ್ಕೂ ಸಿಟ್ಟು. ಹೃದಯಕ್ಕೆಂದು ಮೊದಲಿಂದ ಆಸ್ಪಿರಿನ್ ತಗೊಳ್ತಿದ್ದರು. ಛತ್ರದವರು "ನೀರಿರೋ ಜಾಗ, ನೋಡ್ಕೊಂಡು ನಡೀಬೇಕಿತ್ತು" ಅಂತಾರೆ. 20,000 ಕೊಡ್ತೀವಿ, ಒಂದು ಪೇಪರ್‌ಗೆ ಸೈನ್ ಹಾಕಿ ಅಂತಲೂ ಹೇಳಿದ್ದಾರೆ. ಇನ್ನೊಂದು ವಿಷಯ: ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ನನ್ನ ತಮ್ಮ ಆಸ್ಪತ್ರೆಯಲ್ಲಿ "ಮನೆ ಬಾತ್‌ರೂಮಲ್ಲಿ ಬಿದ್ದರು" ಅಂದುಬಿಟ್ಟಿದ್ದಾನೆ. ಈಗ ಕೇಸ್ ಹಾಕಬಹುದಾ? ದೊಡ್ಡಪ್ಪನಿಗೂ ಬೀಗರಿಗೂ ಮುಜುಗರ ಆಗುತ್ತೇನೋ ಅನ್ನೋ ಅಳುಕೂ ಇದೆ.

ಉತ್ತರ: ಮೊದಲು ಆ 20,000ದ ಪೇಪರ್ ವಿಷಯ. ಸೈನ್ ಹಾಕಬೇಡಿ. "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಅನ್ನೋ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಕೈ ಮುರಿದರೆ ಆರು ವಾರಕ್ಕೆ ಕೂಡಿಕೊಂಡಿತೋ ಇಲ್ಲವೋ ಗೊತ್ತಾಗುತ್ತದೆ. ಮೆದುಳಿನ ಏಟು ಹಾಗಲ್ಲ. ಎಷ್ಟು ಸುಧಾರಿಸುತ್ತಾರೆ, ಏನು ಹಾಗೇ ಉಳಿದುಬಿಡುತ್ತದೆ ಅಂತ ತಿಳಿಯಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೇ ಬೇಕು. ಕೆಲವರಿಗೆ ತಡವಾಗಿ ಫಿಟ್ಸ್ ಕೂಡ ಬರಬಹುದು. ನಷ್ಟ ಎಷ್ಟು ಅಂತ ಗೊತ್ತಾಗುವ ಮೊದಲೇ ಲೆಕ್ಕ ಚುಕ್ತಾ ಮಾಡಿಕೊಳ್ಳುವುದು ನಿಮ್ಮ ತಾಯಿಗೆ ಮಾಡುವ ಅನ್ಯಾಯ. ಛತ್ರದವರಿಗೆ ನಿಜಕ್ಕೂ ಸಹಾಯ ಮಾಡುವ ಮನಸ್ಸಿದ್ದರೆ "ಚಿಕಿತ್ಸೆ ಖರ್ಚಿಗೆ ಮುಂಗಡ" ಅಂತ ಬರೆದು ಬ್ಯಾಂಕ್ ಖಾತೆಗೆ ಹಾಕಲಿ. ಅದನ್ನು ತಗೊಳ್ಳಲು ಅಡ್ಡಿಯಿಲ್ಲ.

ಈಗ ಕೇಸಿನ ಜೀವಾಳಕ್ಕೆ ಬರೋಣ. ಎದುರು ಪಾರ್ಟಿಯ ವಕೀಲರು ಕೇಳುವ ಮೊದಲ ಪ್ರಶ್ನೆ ಇದು: "ಬಿದ್ದ ದಿನ ಎದ್ದು ಮನೆಗೆ ನಡೆದು ಹೋದರು, ಮೂರು ವಾರ ಚೆನ್ನಾಗಿದ್ದರು. ಈ ರಕ್ತಕ್ಕೂ ನಮ್ಮ ಛತ್ರಕ್ಕೂ ಏನು ಸಂಬಂಧ?" ಇದಕ್ಕೆ ವೈದ್ಯಕೀಯದಲ್ಲಿ ಸ್ಪಷ್ಟ ಉತ್ತರವಿದೆ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಅದರ ಮೇಲ್ಭಾಗದಿಂದ ಹೊರಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಆಗ ಬಿಗಿದು ನಿಂತಿರುತ್ತವೆ. ತಲೆಗೆ ಏಟು ಬಿದ್ದಾಗ ಅವು ಹರಿದು ರಕ್ತ ನಿಧಾನವಾಗಿ ಜಿನುಗುತ್ತದೆ. ಮೊದಲ ದಿನ ಒತ್ತಡವೇ ಇರುವುದಿಲ್ಲ. ಎರಡು, ಮೂರು ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ದಿನ ಕಳೆದ ಮೇಲೆ ತಲೆನೋವು, ಮಂಪರು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಕಾಣಿಸಿಕೊಳ್ಳುತ್ತದೆ. ಡಾಕ್ಟರು ಇದನ್ನು ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಅನ್ನುತ್ತಾರೆ. ತಲೆಬುರುಡೆಯಲ್ಲಿ ಸಣ್ಣ ತೂತು ಕೊರೆದು ರಕ್ತ ಹೊರಗೆ ತೆಗೆಯುತ್ತಾರೆ. ನಿಮ್ಮ ತಾಯಿಗೆ ಆಗಿರುವುದೂ ಬಹುಶಃ ಅದೇ ಆಪರೇಷನ್. ಮೆದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ. ಹಾಗಾಗಿ ಬಲಗಾಲು ಎಳೆದದ್ದಕ್ಕೂ ಸ್ಕ್ಯಾನ್‌ಗೂ ಸರಿಯಾಗಿ ತಾಳೆಯಾಗುತ್ತದೆ.

ಸ್ಕ್ಯಾನ್‌ನಲ್ಲೇ ಇನ್ನೊಂದು ಬಲವಾದ ಸಾಕ್ಷಿ ಇದೆ. ಹೊಸ ರಕ್ತ ಸಿಟಿಯಲ್ಲಿ ಬೆಳ್ಳಗೆ ಕಾಣುತ್ತದೆ. ವಾರಗಳು ಕಳೆದಂತೆ ಮೆದುಳಿನದೇ ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಗುತ್ತದೆ. ಅಂದರೆ ಆ ರಕ್ತ ನಿನ್ನೆ ಮೊನ್ನೆಯದೋ, ವಾರಗಳ ಹಿಂದಿನದೋ ಅಂತ ರೇಡಿಯಾಲಜಿಸ್ಟ್ ಅಂದಾಜಿಸಿ ಹೇಳಬಲ್ಲರು. ಹಾಗಾಗಿ ಬರೀ ರಿಪೋರ್ಟ್ ಸಾಲದು, ಚಿತ್ರಗಳಿರುವ ಸಿಡಿಯನ್ನೂ ಕೇಳಿ ತಗೊಳ್ಳಿ. ಆಪರೇಷನ್ ಮಾಡಿದ ನ್ಯೂರೋಸರ್ಜನ್ ಬಳಿ ಒಂದು ಪತ್ರ ಬರೆಸಿಕೊಳ್ಳಿ. ಈ ರಕ್ತಸ್ರಾವ ಮೂರು ವಾರ ಹಿಂದಿನ ಏಟಿಗೆ ಹೊಂದಿಕೊಳ್ಳುತ್ತದೆಯೇ ಅನ್ನೋದು ಅದರಲ್ಲಿ ಇರಬೇಕು. ಆಪರೇಷನ್ ನೋಟ್ಸ್, ನರ್ಸಿಂಗ್ ಚಾರ್ಟ್ ಸಮೇತ ಪೂರ್ತಿ ಕೇಸ್ ಶೀಟಿಗೆ ಲಿಖಿತ ಅರ್ಜಿ ಕೊಡಿ. ವೈದ್ಯರ ನಡವಳಿಕೆಯ 2002ರ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು.

ಡಿಸ್ಚಾರ್ಜ್ ಸಮ್ಮರಿಯಲ್ಲಿ "ಜಿಸಿಎಸ್ 14" ಅಥವಾ "ಮೈಲ್ಡ್ ಹೆಡ್ ಇಂಜುರಿ" ಅಂತ ಬರೆದಿರಬಹುದು. ಅದನ್ನು ಹಿಡಿದುಕೊಂಡು "ಮೈಲ್ಡ್ ಅಂತ ಡಾಕ್ಟ್ರೇ ಬರೆದಿದ್ದಾರೆ" ಅಂತ ವಾದ ಬರುತ್ತದೆ, ನೋಡ್ತಿರಿ. ಜಿಸಿಎಸ್ ಅಂದರೆ ರೋಗಿ ಆ ಹೊತ್ತಿನಲ್ಲಿ ಎಷ್ಟು ಎಚ್ಚರವಾಗಿದ್ದರು ಅಂತ 3ರಿಂದ 15ರವರೆಗೆ ಹಾಕುವ ಅಂಕ. 13ರಿಂದ 15 ಇದ್ದರೆ ಮೈಲ್ಡ್. ಕಣ್ಣು ಬಿಡುತ್ತಾರಾ, ಮಾತಾಡುತ್ತಾರಾ, ಹೇಳಿದಂತೆ ಕೈಕಾಲು ಆಡಿಸುತ್ತಾರಾ ಅಂತ ನೋಡುತ್ತಾರೆ, ಅಷ್ಟೇ. ಆರು ತಿಂಗಳ ಮೇಲೆ ಬ್ಲೌಸ್ ಕಟಿಂಗ್ ಮಾಡಬಲ್ಲರಾ ಅಂತ ಅದು ಹೇಳುವುದಿಲ್ಲ.

ಆಸ್ಪಿರಿನ್ ಬಗ್ಗೆ. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಅದರಿಂದ ಜಿನುಗು ಜಾಸ್ತಿಯಾಗುವುದು ನಿಜ. "ಬೇರೆಯವರಾಗಿದ್ದರೆ ಏನೂ ಆಗ್ತಿರಲಿಲ್ಲ, ಇವರ ಮಾತ್ರೆಯಿಂದ ಆಯ್ತು" ಅಂತ ಛತ್ರದವರು ಹೇಳಬಹುದು. ಕಾನೂನು ಇದನ್ನು ಒಪ್ಪುವುದಿಲ್ಲ. ಏಟು ತಿಂದವರು ಯಾವ ಸ್ಥಿತಿಯಲ್ಲಿದ್ದರೋ ಅದೇ ಸ್ಥಿತಿಯಲ್ಲಿ ಅವರನ್ನು ಒಪ್ಪಿಕೊಳ್ಳಬೇಕು ಅನ್ನೋದು ಹಳೆಯ, ಗಟ್ಟಿ ತತ್ವ. ಬೀಗರೂಟಕ್ಕೆ ಬರುವವರಲ್ಲಿ ಅರ್ಧಕ್ಕರ್ಧ ವಯಸ್ಸಾದವರೇ ಇರುತ್ತಾರೆ ಅಲ್ವಾ? ಬಾಡಿಗೆಗೆ ಕೊಡುವ ಛತ್ರ ಅವರಿಗೂ ಸುರಕ್ಷಿತವಾಗಿರಬೇಕು. (ಆಸ್ಪಿರಿನ್ ಈಗ ಮುಂದುವರಿಸಬೇಕಾ, ನಿಲ್ಲಿಸಬೇಕಾ ಅನ್ನೋದನ್ನು ಹೃದಯದ ಡಾಕ್ಟರು ಮತ್ತು ನ್ಯೂರೋಸರ್ಜನ್ ಇಬ್ಬರನ್ನೂ ಕೇಳಿಯೇ ತೀರ್ಮಾನಿಸಿ. ನೀವೇ ನಿಲ್ಲಿಸಬೇಡಿ.)

ನಿಮ್ಮ ತಮ್ಮ ಹೇಳಿದ "ಬಾತ್‌ರೂಮ್" ಮಾತು ಕೇಸಿಗೆ ಏಟು ಕೊಡುತ್ತದೆ. ಮುಚ್ಚಿಡದೆ ಹೇಳುತ್ತೇನೆ: ಇದು ನಿಮ್ಮ ದೊಡ್ಡ ತೊಡಕು. ನಮ್ಮ ಕಡೆ ಇದು ತುಂಬ ನಡೆಯುತ್ತದೆ. ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಅಂದರೆ ಸ್ಟೇಷನ್, ಕೋರ್ಟು ಅಂತ ಹೆದರಿ ಮನೆಯವರು ಸುಮ್ನೆ "ಮನೇಲಿ ಬಿದ್ದರು" ಅಂದುಬಿಡುತ್ತಾರೆ. ಕ್ಯಾಶುಯಾಲ್ಟಿ ಡಾಕ್ಟರು ಆ ಒಂದು ಸಾಲು ಬರೆದುಕೊಳ್ಳುತ್ತಾರೆ. ಎರಡು ವರ್ಷದ ಮೇಲೆ ಅದೇ ಸಾಲು ಎದುರು ಪಾರ್ಟಿಯ ಮೊದಲ ದಾಖಲೆಯಾಗುತ್ತದೆ. ಎಂಎಲ್‌ಸಿ ಅಂದರೆ ಏಟು ಹೇಗಾಯಿತು ಅಂತ ಆಸ್ಪತ್ರೆ ಬರೆದಿಟ್ಟು ಪೊಲೀಸರಿಗೆ ತಿಳಿಸುವುದು, ಅಷ್ಟೇ. ಮನೆಯವರ ಮೇಲೆ ಕೇಸ್ ಬೀಳುವುದಿಲ್ಲ.

ಹಾಗಂತ ಎಲ್ಲ ಮುಗಿಯಿತು ಅಂತಲ್ಲ. ಆ ದಾಖಲೆ ತಿದ್ದಿಸಲು ಮಾತ್ರ ಹೋಗಬೇಡಿ. ತಿದ್ದಿದ ದಾಖಲೆ ಸಿಕ್ಕಿಬಿದ್ದರೆ ನಿಜ ಹೇಳಿದ್ದನ್ನೂ ಯಾರೂ ನಂಬುವುದಿಲ್ಲ. ಬದಲಿಗೆ ನಿಮ್ಮ ತಮ್ಮ ಯಾಕೆ ಹಾಗೆ ಹೇಳಿದ ಅಂತ ಅಫಿಡವಿಟ್‌ನಲ್ಲಿ ನೇರವಾಗಿ ಬರೆಯಲಿ. ಮೊದಲ ದೂರಿನಲ್ಲೇ ನಾವೇ ಇದನ್ನು ಹೇಳಿಬಿಡಬೇಕು, ಅವರು ಎತ್ತಿ ತೋರಿಸುವವರೆಗೆ ಕಾಯಬಾರದು. ಅದರ ಜೊತೆಗೆ ಬಿದ್ದದ್ದು ಛತ್ರದಲ್ಲೇ ಅಂತ ತೋರಿಸುವ ಬೇರೆ ಪುರಾವೆ ಬೇಕು. ಮಾರನೇ ದಿನ ಕ್ಲಿನಿಕ್‌ನಲ್ಲಿ ಕೊಟ್ಟ ಚೀಟಿ ಹುಡುಕಿ. ಬೀಗರೂಟದ ಮಾರನೇ ದಿನದ ತಾರೀಖು, ತಲೆಗೆ ಏಟು ಅನ್ನೋ ಒಂದು ಮಾತು ಅದರಲ್ಲಿದ್ದರೂ ಸಾಕು, ಚಿನ್ನದಂಥ ದಾಖಲೆ. ಆ ರಾತ್ರಿ ನೆಂಟರ ವಾಟ್ಸಾಪ್ ಗುಂಪಿನಲ್ಲಿ "ಅತ್ತೆ ಹೇಗಿದ್ದಾರೆ?" ಅಂತ ಯಾರಾದರೂ ಕೇಳಿದ್ದರೆ ಆ ಚಾಟ್ ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ.

ಇನ್ನೊಂದು ಪುರಾವೆ ಜನಕ್ಕೆ ಹೊಳೆಯುವುದೇ ಇಲ್ಲ: ಮದುವೆ ವಿಡಿಯೋ. ಎಡಿಟ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದಲ್ಲ, ವಿಡಿಯೋದವರ ಬಳಿ ಇರುವ ಪೂರ್ತಿ ಶೂಟಿಂಗ್. ಊಟದ ಹಾಲ್‌ನಲ್ಲಿ ಒಂದೊಂದು ಪಂಕ್ತಿಯನ್ನೂ ಅವರು ತೆಗೆದಿರುತ್ತಾರೆ. ಕೈ ತೊಳೆಯೋ ಜಾಗದ ನೆಲ, ನಿಂತ ನೀರು, ಮ್ಯಾಟ್ ಇತ್ತೋ ಇಲ್ಲವೋ, ಒರೆಸಲು ಯಾರಾದರೂ ಇದ್ದರೋ ಅನ್ನೋದು ಅದರ ಮೂಲೆಯಲ್ಲಿ ಕಾಣಬಹುದು. ಬಾಡೂಟದಲ್ಲಿ ಸಾರಿನ ಜಿಡ್ಡು ಕೈಯಿಂದ ಇಳಿದು ನೀರಿನ ಜೊತೆ ನೆಲಕ್ಕೆ ಬರುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಜಿಡ್ಡು ನೀರು ಬಿದ್ದರೆ ಹುಷಾರಾಗಿ ನಡೆಯುವವರೂ ಜಾರುತ್ತಾರೆ. ಇದು ಛತ್ರ ನಡೆಸುವವರಿಗೆ ಪ್ರತಿ ಸಮಾರಂಭದಲ್ಲೂ ಗೊತ್ತಿರುವ ವಿಷಯ. ಗೊತ್ತಿದ್ದೂ ಒರಟು ಟೈಲ್ಸ್ ಹಾಕಿಸದೆ, ಮ್ಯಾಟ್ ಹಾಸದೆ, ಪಂಕ್ತಿ ಪಂಕ್ತಿಗೂ ಒರೆಸುವವರನ್ನು ಇಡದೆ ಬಿಟ್ಟದ್ದೇ ನಿರ್ಲಕ್ಷ್ಯ. ನೀವು ಸಾಬೀತು ಮಾಡಬೇಕಾದ್ದು ಇದನ್ನೇ. ಶೂಟಿಂಗ್ ಈಗಲೇ ಕೇಳಿ, ಅವರು ಹಾರ್ಡ್‌ಡಿಸ್ಕ್ ಖಾಲಿ ಮಾಡುವ ಮೊದಲು. ವಿಡಿಯೋ, ಚಾಟ್ ಯಾವುದನ್ನೇ ಹಾಜರುಪಡಿಸಿದರೂ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು. ಅದರ ಕರಡನ್ನು ವಕೀಲರು ಬರೆದುಕೊಡುತ್ತಾರೆ. ಛತ್ರದ ಸಿಸಿಟಿವಿ ಎಂಟು ತಿಂಗಳು ಉಳಿದಿರುವುದು ಕಷ್ಟ. ಆದರೂ ಕೇಸಿಗೆ ಮೊದಲು ಛತ್ರದವರಿಗೆ ಕಳಿಸುವ ವಕೀಲರ ನೋಟಿಸ್‌ನಲ್ಲಿ ಅದನ್ನು ಕೇಳಬೇಕು. ಈಗ ಅಲ್ಲಿ ಹೊಸದಾಗಿ ಮ್ಯಾಟ್ ಹಾಸಿದ್ದರೆ ಅದರ ಫೋಟೋ ತೆಗೆದಿಡಿ. ಅದೊಂದೇ ಪುರಾವೆಯಾಗುವುದಿಲ್ಲ, ಆದರೆ ಮೊದಲು ಏನಿರಲಿಲ್ಲ ಅಂತ ಹೇಳುತ್ತದೆ.

"ನೋಡ್ಕೊಂಡು ನಡೀಬೇಕಿತ್ತು" ಅನ್ನೋ ಮಾತಿಗೆ ಕಾನೂನಿನಲ್ಲಿ ಸ್ವಲ್ಪ ಬೆಲೆ ಇದೆ. ಬಿದ್ದವರದೂ ಅಜಾಗರೂಕತೆ ಇತ್ತು ಅಂತ ಸಾಬೀತಾದರೆ ಅಷ್ಟು ಪಾಲು ಪರಿಹಾರ ಕಡಿಮೆ ಮಾಡುತ್ತಾರೆ. ಹಾಗೆಯೇ, ಗೋಡೆ ಮೇಲೆ "ಆಡಳಿತ ಮಂಡಳಿ ಜವಾಬ್ದಾರಿಯಲ್ಲ" ಅಂತ ಬೋರ್ಡ್ ಇದ್ದರೂ ಬೋರ್ಡ್ ಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ.

ಎಲ್ಲಿ ಕೇಸ್ ಹಾಕಬೇಕು? ಜಾರಿ ಬಿದ್ದದ್ದಕ್ಕೆ ಮೋಟಾರು ಅಪಘಾತದ ಹಾಗೆ ಪ್ರತ್ಯೇಕ ನ್ಯಾಯಮಂಡಳಿ ಇಲ್ಲ. ಎರಡು ದಾರಿ ಇವೆ. ಒಂದು ಸಿವಿಲ್ ಕೋರ್ಟಿನಲ್ಲಿ ಪರಿಹಾರದ ದಾವೆ. ಅದಕ್ಕೆ ಮೂರು ವರ್ಷದ ಗಡುವು. ಕೇಳುವ ಹಣದ ಮೇಲೆ ಕೋರ್ಟ್ ಫೀ ಕಟ್ಟಬೇಕು, ಅದು ಸಣ್ಣ ಮೊತ್ತವಲ್ಲ. ಇನ್ನೊಂದು ಜಿಲ್ಲಾ ಗ್ರಾಹಕರ ಆಯೋಗ. ನಿಮಗೆ ನಾನು ಹೇಳುವುದು ಎರಡನೆಯದನ್ನೇ.

"ಛತ್ರ ಬುಕ್ ಮಾಡಿದ್ದು ದೊಡ್ಡಪ್ಪ, ಅಮ್ಮ ಬರೀ ಊಟಕ್ಕೆ ಹೋದವರು, ಅವರು ಹೇಗೆ ಗ್ರಾಹಕರು?" ಅಂತ ಅನ್ನಿಸಬಹುದು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಹಣ ಕೊಟ್ಟವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ಸೇವೆಯ ಲಾಭ ಪಡೆದವರೂ ಗ್ರಾಹಕರೇ. ಬೀಗರೂಟಕ್ಕೆ ಕರೆಸಿಕೊಂಡ ನೆಂಟರಿಗೆ ಛತ್ರ ಬಳಸಲು ದೊಡ್ಡಪ್ಪನ ಒಪ್ಪಿಗೆ ಇದ್ದೇ ಇದೆ. ಗ್ರಾಹಕರಿಗೆ ನಷ್ಟ ಅಥವಾ ಗಾಯ ಮಾಡುವ ನಿರ್ಲಕ್ಷ್ಯವನ್ನೂ ಅದೇ ಕಾಯ್ದೆ ಸೇವಾ ನ್ಯೂನತೆ ಅಂತ ಹೇಳಿದೆ. ಆಯೋಗದ ವ್ಯಾಪ್ತಿಯನ್ನು ನೋಡುವುದು ಸೇವೆಗೆ ಕೊಟ್ಟ ಹಣದ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ನಿಮ್ಮ ಛತ್ರದ ಬಾಡಿಗೆ ಅದರೊಳಗೇ ಇರುತ್ತದೆ. ಮಂಡ್ಯದಲ್ಲೂ ಮೈಸೂರಿನಲ್ಲೂ ಆಯೋಗ ಇದೆ, ನೀವು ಮಂಡ್ಯದಲ್ಲೇ ಹಾಕಬಹುದು. ಗಡುವು ಎರಡು ವರ್ಷ. ಬಿದ್ದ ದಿನದಿಂದಲೇ ಎಣಿಸಿಕೊಳ್ಳಿ, ಆಪರೇಷನ್ ದಿನದಿಂದಲ್ಲ. ಎಂಟು ತಿಂಗಳು ಆಗಲೇ ಹೋಗಿದೆ.

ಒಂದು ಅಪಾಯ ಹೇಳಲೇಬೇಕು. ವಿವಾದ ತುಂಬ ಜಟಿಲ, ಸಾಕ್ಷಿಗಳ ದೀರ್ಘ ಪಾಟೀಸವಾಲು ಬೇಕು ಅನ್ನಿಸಿದರೆ ಆಯೋಗ ಸಿವಿಲ್ ಕೋರ್ಟಿಗೆ ಹೋಗಿ ಅಂತ ಹೇಳಬಹುದು. ನಿಮ್ಮ "ಬಾತ್‌ರೂಮ್" ಸಾಲು ಇರುವುದರಿಂದ ಆ ಸಾಧ್ಯತೆ ತಳ್ಳಿಹಾಕುವಂತಿಲ್ಲ. ಆಗಲೂ ಸಿವಿಲ್ ದಾವೆಗೆ ಸಮಯ ಉಳಿದಿರಲಿ ಅಂತಲೇ ಬೇಗ ಹಾಕಿ ಅನ್ನೋದು. ಆಯೋಗದ ನೋಟಿಸ್ ತಲುಪಿದ ಮೇಲೆ ಎದುರು ಪಾರ್ಟಿ 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಕಾಯ್ದೆ ಮೂರು ತಿಂಗಳಲ್ಲಿ ಇತ್ಯರ್ಥವಾಗಬೇಕು ಅನ್ನುತ್ತದೆ. ನಿಜದಲ್ಲಿ ಅದಕ್ಕಿಂತ ತುಂಬ ಜಾಸ್ತಿ ಹಿಡಿಯುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಛತ್ರದವರ ಜೊತೆ ಅಡುಗೆ ಕಂಟ್ರಾಕ್ಟರನ್ನೂ ಪಾರ್ಟಿ ಮಾಡಬೇಕಾಗಬಹುದು. ನೆಲ ಒರೆಸುವ ಹೊಣೆ ಯಾರದು ಅನ್ನೋದು ಬುಕಿಂಗ್ ರಸೀದಿಯ ಹಿಂದೆ ಬರೆದಿರಬಹುದು. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಛತ್ರಕ್ಕೆ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ (ಬಂದವರಿಗೆ ಏಟಾದರೆ ಪರಿಹಾರ ಭರಿಸುವ ವಿಮೆ) ಇದೆಯಾ ಅಂತಲೂ ನೋಟಿಸ್‌ನಲ್ಲೇ ಕೇಳಿ. ಇದ್ದರೆ ಮಾತುಕತೆಯ ದಾರಿಯೇ ಬೇರೆಯಾಗುತ್ತದೆ. ಪೊಲೀಸ್ ದೂರಿನ ಬಗ್ಗೆ: ನಿರ್ಲಕ್ಷ್ಯದಿಂದ ತೀವ್ರ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ ಇದೆ. ಆದರೆ ಅದರಿಂದ ನಿಮ್ಮ ತಾಯಿಯ ಚಿಕಿತ್ಸೆಗೆ ಹಣ ಬರುವುದಿಲ್ಲ. ಬರೀ ಒತ್ತಡ ಹಾಕಲು ಅದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಪರಿಹಾರ ಎಷ್ಟು ಕೇಳಬೇಕು? ಆಸ್ಪತ್ರೆ ಬಿಲ್ ಒಂದು ಭಾಗ ಅಷ್ಟೇ. ದೊಡ್ಡ ನಷ್ಟ ಅವರ ದುಡಿಮೆ. ಡಾಕ್ಟರು "30 ಪರ್ಸೆಂಟ್ ಅಂಗವೈಕಲ್ಯ" ಅಂತ ಕೊಟ್ಟರೆ ದುಡಿಮೆಯ ನಷ್ಟವೂ 30 ಪರ್ಸೆಂಟ್ ಅಂತಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಆ ವ್ಯಕ್ತಿ ಮಾಡುತ್ತಿದ್ದ ಕೆಲಸಕ್ಕೆ ಆ ವೈಕಲ್ಯ ಎಷ್ಟು ಅಡ್ಡಿಯಾಯಿತು ಅಂತ ನೋಡಬೇಕು. ಅಳತೆ ನೆನಪಿರದ ದರ್ಜಿಗೆ ಕೈಕಾಲು ಚೆನ್ನಾಗಿದ್ದು ಏನು ಪ್ರಯೋಜನ? ವಾಹನ ಅಪಘಾತದ ಕೇಸುಗಳಲ್ಲಿ 61ರಿಂದ 65 ವಯಸ್ಸಿಗೆ ವರ್ಷದ ಆದಾಯವನ್ನು 7ರಿಂದ ಗುಣಿಸುತ್ತಾರೆ. ಬೇರೆ ಕೇಸುಗಳಲ್ಲೂ ಇದನ್ನು ಮಾದರಿಯಾಗಿ ಮುಂದಿಡಬಹುದು. ತಿಂಗಳಿಗೆ 9,000 ಅಂದರೆ ವರ್ಷಕ್ಕೆ 1,08,000, ಏಳು ಪಟ್ಟು 7,56,000. ದುಡಿಮೆ ನಷ್ಟ 60 ಪರ್ಸೆಂಟ್ ಅಂತ ಸಾಬೀತಾದರೆ 4,53,600. ಇದರ ಮೇಲೆ ಚಿಕಿತ್ಸೆ, ಮುಂದಿನ ಔಷಧಿ, ಫಿಸಿಯೋಥೆರಪಿ, ಓಡಾಟ, ನೋಡಿಕೊಳ್ಳುವವರ ಖರ್ಚು, ನೋವು ಮತ್ತು ಬದುಕಿನ ನೆಮ್ಮದಿ ಕಳೆದುಕೊಂಡದ್ದು ಎಲ್ಲ ಸೇರುತ್ತದೆ. ಮನೆಗೆಲಸವನ್ನೂ ಬಿಡಬೇಡಿ. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕು ಅಂತ 2021ರ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದೆ.

ಮರೆವು, ಸಿಟ್ಟು ಸಿಟಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ರಕ್ತ ತೆಗೆದ ಮೇಲೆ ಸ್ಕ್ಯಾನ್ ನಾರ್ಮಲ್ ಅಂತಲೇ ಬರಬಹುದು. ಅದಕ್ಕೆ ನ್ಯೂರೋಸೈಕಾಲಜಿ ಪರೀಕ್ಷೆ ಬೇಕು. ನೆನಪು, ಗಮನ, ಯೋಜನೆ ಹಾಕುವ ಶಕ್ತಿಯನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಗಂಟೆಗಟ್ಟಲೆ ಕೂರಿಸಿ ಅಳೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯ ಇದೆ. ಈ ರಿಪೋರ್ಟ್ ಇಲ್ಲದೆ ಕೇಸ್ ಹಾಕಿದರೆ "ವಯಸ್ಸಾಯ್ತು, ಮರೆವು ಸಹಜ" ಅನ್ನೋ ಮಾತಿಗೆ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಇದರ ಜೊತೆಗೆ ನಿಮ್ಮ ತಾಯಿಯ ಅಳತೆ ಪುಸ್ತಕವನ್ನು ಜೋಪಾನ ಮಾಡಿ. ಮನೆಯಲ್ಲಿ ಹೊಲಿಯುವವರ ಬಳಿ ಒಂದು ನೋಟ್‌ಬುಕ್ ಇದ್ದೇ ಇರುತ್ತದೆ: ಹೆಸರು, ಎದೆ, ತೋಳು, ಉದ್ದ, ಕೊಡಬೇಕಾದ ದಿನ, ಮುಂಗಡ. ಬೀಳುವ ಮೊದಲಿನ ಪುಟಗಳನ್ನೂ ಆಮೇಲಿನವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಂಕಿ ತಪ್ಪಿದ್ದು, ಒಂದೇ ಹೆಸರು ಎರಡು ಸಲ ಬಂದದ್ದು, ಅರ್ಧಕ್ಕೆ ನಿಂತ ಸಾಲು ಕಂಡರೆ ಆಯೋಗದ ಸದಸ್ಯರಿಗೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಅದೇ ಪುಸ್ತಕ 9,000 ಆದಾಯಕ್ಕೂ ಆಧಾರ. ಬ್ಲೌಸ್ ವಾಪಸ್ ತಂದುಕೊಟ್ಟ ಗಿರಾಕಿಗಳಲ್ಲಿ ಇಬ್ಬರು ಅಫಿಡವಿಟ್ ಕೊಟ್ಟರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ತಾಯಿಯವರಿಗೆ ವಿಷಯ ತಿಳಿಸಿ ಹೇಳಿದರೆ ಅರ್ಥವಾಗುತ್ತದೆ ಅಂದರೆ ದೂರು ಅವರ ಹೆಸರಲ್ಲೇ, ಅವರ ಸಹಿಯಲ್ಲೇ ಇರಲಿ. ಅರ್ಥವಾಗದ ಸ್ಥಿತಿ ಇದ್ದರೆ ಹೆಬ್ಬೆಟ್ಟು ಒತ್ತಿಸಿ ಜಿಪಿಎ (ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಮಾಡಿಸಿಕೊಳ್ಳಬೇಡಿ. ಅದು ನಿಲ್ಲುವುದಿಲ್ಲ, ಅವರ ಆಸ್ತಿ ವಿಷಯದಲ್ಲೂ ಮುಂದೆ ಗೋಜಲಾಗುತ್ತದೆ. ಅಂಥವರ ಪರವಾಗಿ ಹತ್ತಿರದವರೊಬ್ಬರು ದಾವೆ ನಡೆಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಲ್ಲಿ ದಾರಿ ಇದೆ. ವೈದ್ಯರ ಪ್ರಮಾಣಪತ್ರದ ಜೊತೆ ಅರ್ಜಿ ಹಾಕಬೇಕು.

ಇದನ್ನು ಓದುತ್ತಿರುವ ಬೇರೆಯವರಿಗೆ ಎರಡು ಮಾತು. ಕೆಲಸದ ಜಾಗದಲ್ಲಿ, ಕೆಲಸದ ಕಾರಣಕ್ಕೆ ಬಿದ್ದು ತಲೆಗೆ ಏಟಾದರೆ ಮಾಲೀಕರ ನಿರ್ಲಕ್ಷ್ಯ ಸಾಬೀತು ಮಾಡಬೇಕಾಗಿಯೇ ಇಲ್ಲ, ನಿಯಮ ಬೇರೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಅಲ್ಲಿ, ಇಲ್ಲದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಮೊದಲು ವಿಚಾರಿಸಿ. ಮಂಡ್ಯ, ಮದ್ದೂರಿನಿಂದ ದಿನಾ ರೈಲಿನಲ್ಲಿ ಓಡಾಡುವವರು ರೈಲಿನಿಂದ ಆಕಸ್ಮಿಕವಾಗಿ ಬಿದ್ದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಹೋಗಬೇಕು, ಗಡುವು ಒಂದೇ ವರ್ಷ. ಟಿಕೆಟ್ ಅಥವಾ ಪಾಸ್ ಜೋಪಾನ. ಮತ್ತೆ, ಎಲ್ಲೇ ಬಿದ್ದಿರಲಿ, ವಯಸ್ಸಾದವರ ತಲೆಗೆ ಏಟು ಬಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರಂತೂ ಅದೇ ದಿನ ಆಸ್ಪತ್ರೆಗೆ ಹೋಗಿ. ವಾಂತಿಯಾದರೆ ಕಾಯಲೇಬೇಡಿ. ಆಮೇಲೆ ಒಂದೆರಡು ತಿಂಗಳು ಅವರ ನಡಿಗೆ, ಮಾತು, ನಿದ್ದೆಯ ಮೇಲೆ ಕಣ್ಣಿಡಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗೆ ಹೋಗಲು ದುಡ್ಡಿನ ಯೋಚನೆ ಬೇಡ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ.

ನಿಮ್ಮ ತಾಯಿಗೆ ಮಾತಿನಲ್ಲೂ ತಡವರಿಕೆ ಇದ್ದರೆ, ಹೇಳಬೇಕಾದ ಪದ ಸಿಗದೆ ಒದ್ದಾಡುತ್ತಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಮೆದುಳಿನ ಏಟಿನಿಂದ ಮಾತು ಕಳೆದುಕೊಂಡವರಿಗೆ ಅಲ್ಲಿ ಥೆರಪಿ ಕೊಡುತ್ತಾರೆ. ಕೇಸ್ ಮುಗಿಯಲಿ ಅಂತ ಕಾಯುವುದು ಬೇಡ. "ಚಿಕಿತ್ಸೆ ಕೊಡಿಸಿದರೆ ಸುಧಾರಿಸಿ ಪರಿಹಾರ ಕಮ್ಮಿಯಾಗುತ್ತೆ" ಅಂತ ಯಾರಾದರೂ ಸಲಹೆ ಕೊಟ್ಟರೆ ಅಂಥವರಿಂದ ದೂರ ಇರಿ. ಸುಧಾರಿಸಿಕೊಳ್ಳಲು ಮಾಡಿದ ಖರ್ಚನ್ನೂ ಪರಿಹಾರದಲ್ಲಿ ಕೇಳಬಹುದು.

ಕೊನೆಗೆ ದೊಡ್ಡಪ್ಪನ ವಿಷಯ. ದೂರು ಅವರ ಮೇಲಲ್ಲ, ಬೀಗರ ಮೇಲೂ ಅಲ್ಲ. ಆದರೆ ಬುಕಿಂಗ್ ರಸೀದಿ ಅವರ ಹತ್ತಿರ ಇದೆ, ಅವರೇ ಮುಖ್ಯ ಸಾಕ್ಷಿ. ನೋಟಿಸ್ ಕಳಿಸುವ ಮೊದಲೇ ಅವರ ಮನೆಗೆ ಹೋಗಿ, ಕೂತು, ಎಲ್ಲ ಹೇಳಿ. ಛತ್ರದವರ ಬಾಯಿಂದ ಮೊದಲು ಕೇಳಿದರೆ ಬೇಜಾರಾಗುತ್ತದೆ. ಅವರ ಮನೆಯ ಸಮಾರಂಭಕ್ಕೆ ಬಂದು ಬಿದ್ದ ತಂಗಿಯಂಥವರಿಗೆ ಅವರು ಇಲ್ಲ ಅನ್ನಲಾರರು ಅಂತ ನನ್ನ ನಂಬಿಕೆ. ವಕೀಲರ ಫೀ ಬಗ್ಗೆ ಚಿಂತೆ ಇದ್ದರೆ ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, ನಿಮ್ಮ ತಾಯಿಗೂ ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಹೋಗುವಾಗ ಕ್ಲಿನಿಕ್ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಸಿಟಿ ಸಿಡಿ, ಬಿಲ್ಲುಗಳು, ಬುಕಿಂಗ್ ರಸೀದಿಯ ನಕಲು, ಲಗ್ನಪತ್ರಿಕೆ, ಅಳತೆ ಪುಸ್ತಕ ಇಷ್ಟನ್ನೂ ಜೊತೆಗೆ ತಗೊಂಡು ಹೋಗಿ. ಅಸಲು ದಾಖಲೆಗಳನ್ನು ಯಾರ ಕೈಗೂ ಕೊಟ್ಟುಬಿಡಬೇಡಿ, ಜೆರಾಕ್ಸ್ ಕೊಡಿ.